ಲೊರೆನ್ಸ ಹೊರಗೆ ಕೂತ ಸಂಜೆ

೧.
ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ಆಸ್ಪತ್ರೆಯಿಂದ ಹಿಡಿದರೆ ನೀವು ಕಣ್ಣೊರೆಸಿಕೊಳ್ಳುತ್ತೀರಿ, ಸಂಸತ್ತಿನಿಂದ ಹಿಡಿದರೆ ಆಕಳಿಸುತ್ತೀರಿ. (ನನ್ನ ಓದುಗರಿಂದ ನನಗೆ ಎರಡೂ ಅಭ್ಯಾಸವಾಗಿದೆ.)

ವಿಷಯ ಇಷ್ಟೇ. ನಮ್ಮ ಮಾಲ್ಟಾದಲ್ಲಿ ಹುಟ್ಟುವಾಗಲೇ ಕೆಂಪು ಪಕ್ಷ, ಇಲ್ಲವೇ ನೀಲಿ ಪಕ್ಷ. ಕೆಂಪು ಸರ್ಕಾರಕ್ಕಿರುವುದು ಒಂದೇ ಮತದ ಬಹುಮತ. ಮುಂಗಡಪತ್ರದ ಮತದಾನದ ದಿನವೇ ಕೆಂಪು ಸದಸ್ಯ ನೆನು ಮಿಫ್ಸುದ್‌ನ ಹೆಂಡತಿಗೆ ಹೃದಯದ ಆಪರೇಷನ್. ಅವನು ಬರದಿದ್ದರೆ ಸರ್ಕಾರವೇ ಬೀಳಬಹುದು. ಅದಕ್ಕೇ ನೀಲಿ ಪಕ್ಷದ ಲೊರೆನ್ಸ ತಾಬೊನ್ ಅವನಿಗೆ ‘ಜೋಡಿ’ಯಾದಳು: ನೀನು ಬರಬೇಡ, ನಾನೂ ಒಳಗೆ ಹೋಗುವುದಿಲ್ಲ; ಎರಡೂ ಕಡೆ ಒಂದೊಂದು ಮತ ಕಡಿಮೆ, ಲೆಕ್ಕ ಸರಿಹೋಯಿತು.

೨.
ಮೊದಲ ಕರಡಿನಲ್ಲಿ ಇಬ್ಬರಿಂದಲೂ ಸಹಿ ಹಾಕಿಸಿದ್ದೆ. ಓದಿದ ಲೊರೆನ್ಸ ಗೊಳ್ಳೆಂದು ನಕ್ಕಳು.

“ರೀ ಕಥೆಗಾರ್ರೇ, ಜೋಡಿಗೆ ಯಾರಾದ್ರೂ ಸಹಿ ಹಾಕ್ತಾರೇನ್ರೀ? ಮೆಟ್ಲ ಮೇಲೆ ನಿಂತು ‘ಆಯ್ತಾ?’ ‘ಆಯ್ತು’ ಅಂದ್ವಿ. ಮುಗೀತು.”

ಹರಿದು ಹಾಕಿದೆ.

೨. (ಮತ್ತೆ)
ಮಧ್ಯಾಹ್ನ ಅವಳ ಪಕ್ಷದ ನಾಯಕರ ಫೋನು. “ಒಳಗೆ ಬಾರಮ್ಮ. ಇಂಥ ಅವಕಾಶ ಮತ್ತೆ ಸಿಗಲ್ಲ. ಬರ್ಲಿಲ್ವೋ, ಮುಂದಿನ ಟಿಕೆಟ್ ಮರ್ತುಬಿಡು.”

ಇಲ್ಲಿ ಅವಳ ಬಾಯಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಅರ್ಧ ಪುಟ ಹೇಳಿಸಿದ್ದೆ. ಅವಳು ಜಗಳಕ್ಕೇ ಬಂದಳು.

“ನನ್ನ ದೇವತೆ ಮಾಡ್ಬೇಡಿ. ಆ ಮುಂಗಡಪತ್ರ ಬೀಳ್ಲಿ ಅಂತ ನಂಗೂ ಆಸೆ ಇದೆ. ಆದ್ರೆ ಮಾತು ಕೊಟ್ಬಿಟ್ಟಿದೀನಲ್ಲ!”

ನನಗೆ ಅವಳ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು.

೪.
(ಮೂರರಲ್ಲಿ ಬರೀ ಭಾಷಣವಿತ್ತು, ಬಿಟ್ಟೆ.) ಸಂಜೆ ಅವಳು ಸಂಸತ್ತಿನ ಎದುರಿನ ಅಂಗಡಿಯಲ್ಲಿ ಗಿಣ್ಣು ತುಂಬಿದ ಬಿಸಿ ಪಫ್, ನಮ್ಮ ಪಸ್ತಿಟ್ಸಿ, ತಿನ್ನುತ್ತಿದ್ದಾಗ ನೆನು ಫೋನ್ ಮಾಡಿದ.

“ನಿನ್ನೋರು ನಿನ್ನ ಹುರಿದು ಮುಕ್ತಿದಾರಂತೆ. ಬಂದ್ಬಿಡ್ಲಾ?”

“ಬಂದ್ರೆ ಕಾಲ್ ಮುರೀತೀನಿ. ಅವಳ ಹತ್ರಾನೇ ಇರು. ಚುನಾವಣೇಲಿ ನಿಂಗೆ ಮಣ್ಣು ಮುಕ್ಕಿಸ್ತೀನಿ, ಆಗ ಬಾ.”

ಮತದಾನದ ಗಂಟೆ ಹೊಡೆಯಿತು. ಮುಕ್ತಾಯ ಅ: ಅವಳು ಒಳಗೆ ಓಡುತ್ತಾಳೆ, ಸರ್ಕಾರ ಬೀಳುತ್ತದೆ. ಮುಕ್ತಾಯ ಆ: ಅವಳು ಓಡುವುದಿಲ್ಲ, ಟಿಕೆಟ್ ಹೋಗುತ್ತದೆ, ಊರು ಹೊಗಳುತ್ತದೆ. ಯಾವುದು ಬೇಕೆಂದು ಅವಳನ್ನೇ ಕೇಳಿದೆ. ಅವಳು ಎದುರಿನ ಸಂಸತ್ತಿನ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ಹಾಕಿದರು; ಇನ್ನು ಯಾರೂ ಒಳಗೆ ಹೋಗಿ ಮತ ಹಾಕುವಂತಿಲ್ಲ.

“ನಾಳೆ ನಂಗೆ ಹಿಂಗೇ ಆದ್ರೆ ಅವ್ನು ಹೊರಗೆ ಕೂರ್ತಾನಾ? ಅದನ್ನ ಬರೀರಿ ನೋಡೋಣ.”

ನೆನುವನ್ನು ಕೇಳಿದೆ. “ಮೊದ್ಲು ಇವ್ಳು ಕಣ್ಣು ಬಿಡ್ಲಿ ಮಾರಾಯ,” ಎಂದು ಫೋನ್ ಇಟ್ಟ.

ಲೊರೆನ್ಸಳಿಗೆ ಏನು ಹೇಳಲಿ? ನನಗೆ ಗೊತ್ತಿಲ್ಲ, ನಿಮಗೂ ಹೇಳಲಾರೆ. ಅವಳು ಅಂಗಡಿಯವನಿಗೆ ಇನ್ನೆರಡು ಪಸ್ತಿಟ್ಸಿ ಕಟ್ಟಲು ಹೇಳುತ್ತಿದ್ದಳು.

“ಬೆಳಗಿಂದ ಏನೂ ತಿಂದಿರಲ್ಲ ಆ ಕೆಂಪು ಮುಂಡೇದು.”