ತವರಿನ ಹೆಸರು

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಇಡೀ ಜಯನಗರದಲ್ಲಿ ಕಂಪ್ಯೂಟರ್ ಮುಟ್ಟಿದವಳೆಂದರೆ ಸೀತಾಲಕ್ಷ್ಮಿ ಒಬ್ಬಳೇ ಇರಬೇಕು. ಆ ಯಂತ್ರಕ್ಕೆ ಕೆಲಸ ಹೇಳಲೆಂದು ಎರಡು ವರ್ಷ ತಲೆಕೆಡಿಸಿಕೊಂಡು ಹೊಸ ಭಾಷೆಯೊಂದನ್ನು ಕಟ್ಟಿದ್ದಳು. ಅದಕ್ಕೊಂದು ಹೆಸರು ಬೇಕಿತ್ತು. ಆಫೀಸಿನ ಗಂಡಸರು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಜೋಡಿಸಿ ಸುಸ್ತಾದರು. ಕೊನೆಗೆ ಅವಳೇ ಎದ್ದು ಕಪ್ಪುಹಲಗೆಯ ಮೇಲೆ ‘ವನಜಾ’ ಎಂದು ಬರೆದಳು.

ಹನ್ನೊಂದು ವರ್ಷದ ಹಿಂದೆ, ಅತ್ತೆಯ ಹೆಸರೂ ಅದೇ ಎಂಬ ಕಾರಣಕ್ಕೆ, ಮದುವೆಮನೆಯಲ್ಲಿ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಅವಳಿಗೆ ಸೀತಾಲಕ್ಷ್ಮಿ ಎಂಬ ಹೊಸ ಹೆಸರು ಬರೆದಿದ್ದ. ಅಪ್ಪ ತೀರಿಕೊಂಡ ಮೇಲೆ ಹಳೆಯ ಹೆಸರು ಹಿಡಿದು ಕೂಗುವವರು ಯಾರೂ ಉಳಿದಿರಲಿಲ್ಲ.

“ವನಜಾ ಅಂದ್ರೆ ಯಾರು ಮೇಡಂ?” ಎಂದ ಜೊತೆಯ ಜಯಸಿಂಹ.

“ನಮ್ಮೂರ ಹುಡುಗಿ. ಲೆಕ್ಕದಲ್ಲಿ ಭಾರಿ ಚುರುಕು. ಮದುವೆ ಆದ್ಮೇಲೆ ಅವಳನ್ನ ಯಾರೂ ಕರೆದೇ ಇಲ್ಲ. ಇನ್ಮೇಲೆ ನೀವಾದ್ರೂ ದಿನಾ ಕರೀರಿ.”