ಎರಡೂ ಪಾಳಿಗೆ ಒಂದೇ ಕೈ

ಗಂಡ ಜಗನ್ನಾಥ ಕ್ಯಾಸೆಟ್ಟುಗಳ ಪೆಟ್ಟಿಗೆ ತಂದಿಟ್ಟ ಮೇಲೆ ಶೈಲಜಾಳ ಹಗಲುಗಳಿಗೊಂದು ಸದ್ದು ಬಂದಿತ್ತು. ಅದಕ್ಕೆ ಮುಂಚೆ ಕ್ಯಾಂಪ್‌ಬೆಲ್ಲಿನ ಆ ಅಪಾರ್ಟ್‌ಮೆಂಟಿನಲ್ಲಿ ಫ್ರಿಜ್ಜಿನ ಗೊರಗೊರ, ದೂರದ ಫ್ರೀವೇಯ ಮೊರೆತ, ಅಷ್ಟೆ. ಅವಳ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಕಾರನ್ನು ಗಂಡ ಒಯ್ಯುತ್ತಿದ್ದ.

ಅವನ ಹೊಸ ಕಂಪನಿ ಹವಾಮಾನದ ವೆಬ್‌ಸೈಟು ಕಟ್ಟುತ್ತಿತ್ತು. ಹಳೆಯ ಹವಾಮಾನ ಕೇಂದ್ರಗಳ ಚರಿತ್ರೆಯನ್ನೂ ಸೈಟಿಗೆ ಎಂಜಿನಿಯರುಗಳೇ ಬರೆಯುವಂಥ ಕಾಲ ಅದು. ಉತ್ತರ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ ಹಿಂದೆ ಇದ್ದ ರೇಡಿಯೋ ಮತ್ತು ಹವಾಮಾನ ಕೇಂದ್ರದ ಕಥೆ ಅವನ ಪಾಲಿಗೆ ಬಂದಿತ್ತು. ಯಾರೋ ಹವ್ಯಾಸಿ ಹಿಡಿದಿಟ್ಟ ಟೇಪುಗಳಲ್ಲಿ ಬರೀ ಮೋರ್ಸ್ ಸಂಕೇತ. ಅವನಿಗೆ ಅದು ಗೊತ್ತಿಲ್ಲ. ಶೈಲಜಾಳಿಗೆ ಮೈಸೂರಿನ ತಂತಿ ಕಚೇರಿಯಲ್ಲಿದ್ದ ಅಪ್ಪ ಕಲಿಸಿದ್ದರು. ಅವಳು ಕೇಳಿ ಬರೆದುಕೊಡುತ್ತಿದ್ದಳು; ಅದು ಸೈಟಿನ ಮೇಲೆ ಅವನ ಹೆಸರಿನಲ್ಲಿ ಬರುತ್ತಿತ್ತು.

ಕೇಂದ್ರದಲ್ಲಿ ಇಬ್ಬರು, ಹಗಲಿಗೊಬ್ಬ, ರಾತ್ರಿಗೊಬ್ಬ. ಗಾಳಿ, ಒತ್ತಡ, ಮೋಡ, ಕೊನೆಗೆ ಕಳಿಸಿದವನ ಹೆಸರು. ಮೋರ್ಸ್ ಕೀಲಿ ಒತ್ತುವ ಕೈ ಒಬ್ಬೊಬ್ಬರದು ಒಂದೊಂದು ಥರ, ನಡಿಗೆಯ ಹಾಗೆ. ಒಂದು ಚಳಿಗಾಲದಿಂದ ಹೆಸರು ಎರಡಿದ್ದರೂ ಕೈ ಒಂದೇ ಆಗಿತ್ತು. ಕಾರಣ ಮುಂದಿನ ಟೇಪಿನಲ್ಲಿ ಸಿಕ್ಕಿತು: ಪಕ್ಕದ ದ್ವೀಪದವನಿಗೆ ಆ ಕೈಯವನೇ ಹೇಳಿಕೊಂಡಿದ್ದ. ಜೊತೆಗಾರ ಹಾಸಿಗೆ ಹಿಡಿದಿದ್ದಾನೆ, ಮೇಲಿನವರಿಗೆ ಗೊತ್ತಾದರೆ ಅವನ ಕೆಲಸ ಹೋಗುತ್ತದೆ, ಅದಕ್ಕೇ ಎರಡೂ ಪಾಳಿ ತನ್ನದು, ತಮ್ಮನ್ನು ಕರೆದೊಯ್ಯುವ ಹಡಗು ಬಂದರೆ ಸಾಕು. ಆಮೇಲೆ ಕಚೇರಿಯಿಂದ ಸಂದೇಶ ಬಂತು: ಇಬ್ಬರೂ ಬಹಳ ಚೆನ್ನಾಗಿ ನಡೆಸುತ್ತಿದ್ದೀರಿ, ಇನ್ನೊಂದು ವರ್ಷ ಅಲ್ಲೇ ಇರಿ.

ಶೈಲಜಾ ಟೇಪು ಹಿಂದಕ್ಕೆ ಸುತ್ತಿ ಆ ಸಂದೇಶವನ್ನು ಇನ್ನೊಮ್ಮೆ ಕೇಳಿದಳು.

ಸಂಜೆ ಜಗನ್ನಾಥ ಇನ್ನೂ ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಬಾಸಿಗೆ ಅವನ ಬರಹ ತುಂಬ ಹಿಡಿಸಿ ಉಳಿದ ದ್ವೀಪಗಳನ್ನೂ ಅವನಿಗೇ ವಹಿಸಿದ್ದರಂತೆ.

"ಈ ಸಲ ನನ್ನ ಹೆಸರೂ ಹಾಕಿಸ್ರೀ," ಎಂದಳು.

"ಹುಚ್ಚಾ ನಿಂಗೆ? ಗ್ರೀನ್ ಕಾರ್ಡು ಪೇಪರ್ಸು ಇನ್ನೂ ಇಮಿಗ್ರೇಷನ್‌ನವರ ಹತ್ರ ಇದೆ. ಹೆಂಡ್ತಿ ಕೆಲ್ಸ ಮಾಡ್ತಿದಾಳೆ ಅಂತ ನಾವೇ ಸೈಟಲ್ಲಿ ಹಾಕ್ಕೊಳೋದಾ?"

"ಹಂಗಾದ್ರೆ ನೀವೇ ಕೇಳಿಸ್ಕೊಳಿ. ನಾನು ಮುಟ್ಟಲ್ಲ."

ಅವನು ನಕ್ಕ. ಅವಳು ನಗಲಿಲ್ಲ.

ಬೆಳಿಗ್ಗೆ ಅವನು ಪೆಟ್ಟಿಗೆಯನ್ನು ವಾಪಸು ಒಯ್ಯಲಿಲ್ಲ. ಕಾರು ಹೊರಟ ಸದ್ದು ಕೇಳಿತು. ಅವಳು ಪಾತ್ರೆ ತೊಳೆದಳು, ಬಟ್ಟೆ ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಫ್ರಿಜ್ಜು ಗೊರಗುಟ್ಟಿತು. ಮಧ್ಯಾಹ್ನದ ಹೊತ್ತಿಗೆ, ಬರೆದುಕೊಳ್ಳಬಾರದು, ಸುಮ್ಮನೆ ಕೇಳುವುದಷ್ಟೆ ಎಂದುಕೊಂಡು ಒಂದು ಟೇಪು ಹಾಕಿದಳು. ಅಪರಿಚಿತ ಕೈಯೊಂದು ಗಾಳಿಯ ಲೆಕ್ಕ ಒಪ್ಪಿಸತೊಡಗಿತು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಪೆನ್ನು ಹುಡುಕಿದಳು.