ಗೂಡ್ಸ್ ಗಾಡಿಯ ಗೂಢಚಾರ

ರೈಲಿಗೆ ವರುಷ, ವದಂತಿಗೆ ನಿಮಿಷ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಲ್ಲ. ಬೇಕಿದ್ದರೆ ಶಿರ್ತಾಡಿಯಲ್ಲಿ ಬಸ್ಸಿಳಿದು ಕೇಳಿ.

ಶಿರ್ತಾಡಿಯ ಜಯವರ್ಮನಿಗೆ ರೈಲಿನ ಹುಚ್ಚು. ಊರಿಗೆ ರೈಲಿಲ್ಲ, ಮೂಡಬಿದಿರೆಗೂ ಇಲ್ಲ. ಕಾಣಬೇಕಾದರೆ ಮಂಗಳೂರಿಗೇ ಹೋಗಬೇಕು. ಹಾಗಾಗಿ ಮಂಗಳೂರಿನಿಂದ ಉಳ್ಳಾಲದವರೆಗಿನ ಹಳೆಯ ರೈಲುದಾರಿಯನ್ನೇ ಆತ ಪುಟ್ಟದಾಗಿ ಮಾಡಿ ತನ್ನ ಉಪ್ಪರಿಗೆಗೆ ತಂದಿದ್ದ. ಕೊಡೆಯ ಕಡ್ಡಿ ಹಳಿಯಾಗಿತ್ತು, ಅಡಿಕೆ ಮರದ ಸೀಳು ಸ್ಲೀಪರ್ ಆಗಿತ್ತು, ಸೀಮೆಎಣ್ಣೆ ಡಬ್ಬಿಯ ತಗಡು ನೇತ್ರಾವತಿಯ ಸೇತುವೆಯಾಗಿತ್ತು. ಸೇತುವೆಗೇ ವರ್ಷಗಳು ಹಿಡಿದಿದ್ದವು. ಹಳಿ ಜೋಡಿಸುವವನನ್ನು ಹಳಿಯುವವರು ಬೇಕಾದಷ್ಟಿದ್ದರು. ಹೆಂಡತಿ ಪ್ರಭಾವತಿಯೇ ಅವರಲ್ಲಿ ಮೊದಲಿನವಳು.

ಅರುವತ್ತೈದರ ಯುದ್ಧದ ದಿನಗಳು. ಕಂಬಗಳ ಅಂತರ ಸರಿಬರಲಿಲ್ಲವೆಂದು ಜಯವರ್ಮ ಹಗ್ಗ ಹಿಡಿದು ನಿಜವಾದ ಸೇತುವೆಯ ಬುಡಕ್ಕೇ ಹೋಗಿ ಅಳೆಯತೊಡಗಿದ. ಕಾವಲಿನ ಪೊಲೀಸ್ ಹೆಸರು, ಊರು ಕೇಳಿದ. ಹೇಳಿ ಬಂದವನಿಗೆ ಅನ್ನ ಇಳಿಯಲಿಲ್ಲ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಎಲ್ಲಿ ಹೋದರೂ ಗೂಢಚಾರರದೇ ಮಾತು. ಸೇತುವೆಯ ನಕ್ಷೆ ಸಿಕ್ಕಿದರೇ ಜೈಲಂತೆ. ತನ್ನಲ್ಲಿರುವುದು ನಕ್ಷೆಯಲ್ಲ, ಇಡೀ ಸೇತುವೆ! ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ಎದೆಯೊಳಗೆ ಗೂಡ್ಸ್ ಗಾಡಿ ಓಡುತ್ತಿತ್ತು.

ಒಂದು ಮುಸ್ಸಂಜೆ ಬಾಗಿಲು ದಡದಡ ಎಂದಿತು.

"ಬಾಗಿಲು ತೆಗೀರಿ! ಬೆಂಗಳೂರಿಂದ ಬಂದಿದೀನಿ. ಬ್ರಿಡ್ಜ್ ಅಳೆದ ಜಯವರ್ಮ ಯಾರ್ರೀ ಇಲ್ಲಿ?"

ಬಾಗಿಲ ಸಂದಿಯಿಂದ ಟಾರ್ಚಿನ ಬೆಳಕು ಚೂರಿಯ ಹಾಗೆ ಒಳಗೆ ಬಂತು.

"ನಾನು ಹೇಳಿರ್ಲಿಲ್ವಾ?" ಪ್ರಭಾವತಿ ಪಿಸುಗುಟ್ಟಿದಳು. "ನಿಮಗೆ ಸೇತುವೆ ಬೇಕಾ, ಸೆರೆಮನೆ ಬೇಕಾ? ಬಾವಿಗೆ ಹಾಕಿ ಅದನ್ನು!"

ಜಯವರ್ಮ ಉಪ್ಪರಿಗೆಯಿಂದ ಸೇತುವೆಯನ್ನು ಮಗುವಿನಂತೆ ಎತ್ತಿಕೊಂಡು ಹಿತ್ತಿಲಿಗೆ ಓಡಿದ. ಬಾವಿಯೊಳಗೆ ಬರೀ ಕತ್ತಲೆ. ಕೈ ಚಾಚಿದ, ಬೆರಳು ಬಿಡಿಸಿಕೊಳ್ಳಲಿಲ್ಲ.

"ಒದ್ದು ಒಳಗೆ ಬರ್ತೀನಿ! ಎಲ್ಲರನ್ನೂ ಎಳ್ಕೊಂಡ್ ಹೋಗ್ತೀನಿ!"

ಆ 'ತೀನಿ' ಇಲ್ಲಿಯದಲ್ಲ, ಇಲ್ಲಿಯವರು 'ತೇನೆ' ಅನ್ನುವವರು. ಈ ಕಡೆಯ ಪೊಲೀಸರಾದರೆ ಕಾಲು ಹಿಡಿದಾದರೂ ನೋಡಬಹುದಿತ್ತು. ಇದು ಬೆಂಗಳೂರಿನ ಬಾಯಿ. ಎಲ್ಲರನ್ನೂ ಅಂದರೆ ಪ್ರಭಾವತಿಯನ್ನೂ. ಅವನು ಬಾವಿಕಟ್ಟೆಯಿಂದ ತಿರುಗಿ ಬಂದು, ಸೇತುವೆ ಹಿಡಿದೇ ಬಾಗಿಲು ತೆಗೆದ.

"ನಾನೇ ಸಾರ್ ಅಳೆದದ್ದು. ನನ್ನೊಬ್ಬನನ್ನೇ ಕರ್ಕೊಂಡು ಹೋಗಿ. ಇದನ್ನು ಮಾತ್ರ ಒಡೀಬೇಡಿ, ಬರೀ ಡಬ್ಬಿ ತಗಡು."

ಕಣ್ಣಿಗೆ ಟಾರ್ಚು ಬಿತ್ತು. ಅದರ ಹಿಂದೆ ಒಂದು ಟೊಪ್ಪಿ ಮಾತ್ರ ಕಂಡಿತು.

"ಮಿಕ್ಕಿದ್ದೆಲ್ಲ ಎಲ್ಲಿ ಬಚ್ಚಿಟ್ಟಿದೀರಿ?"

"ಉಪ್ಪರಿಗೆಯಲ್ಲಿ ಸಾರ್."

"ಎಂಜಿನ್ನೂ ಉಂಟಾ?"

ಟಾರ್ಚು ಅಲುಗಿತು. ಜಯವರ್ಮನ ಕಿವಿ ನೆಟ್ಟಗಾಯಿತು. ಬೆಂಗಳೂರಿನವನ ಬಾಯಲ್ಲಿ ನಮ್ಮ ಕಡೆಯ 'ಉಂಟು' ಎಲ್ಲಿಂದ?

"ಸಾರ್... ಬೆಂಗಳೂರಿನಲ್ಲಿ ತಾವು ಎಲ್ಲಿ?" ಜಯವರ್ಮ ಒಂದು ಹೆಜ್ಜೆ ಮುಂದಿಟ್ಟ.

"ಎಲ್ಲಿ ಅಂದ್ರೆ... ಅಲ್ಲೇ ಮಾರಾಯ್ರೆ, ಪೇಟೆಯಲ್ಲಿ!"

ಜಯವರ್ಮ ಟಾರ್ಚು ಕಸಿದು ತಿರುಗಿಸಿದ. ನೆರೆಮನೆಯ ಕಾಂತಿಯ ಗಂಡ ಶೀನಪ್ಪ! ಕೋಳಿಯಿಂದ ಕಲೆಕ್ಟರರವರೆಗೆ ಯಾರ ಸ್ವರ ಬೇಕಾದರೂ ತೆಗೆಯುವ ಆಸಾಮಿ.

"ಸಂದಿಯಲ್ಲಿ ಬಾವಿ ಅಂತ ಕೇಳಿತು, ಬೇರೇನೂ ಹಾಕ್ಲಿಲ್ಲ ಅಲ್ವಾ ಜಯವರ್ಮಣ್ಣ?" ಶೀನಪ್ಪ ಟೊಪ್ಪಿ ಕಳಚಿದ. "ಅಷ್ಟು ದೂರ ಹೋಗ್ತದೆ ಅಂತ ನಾನು ಎಣಿಸಿರ್ಲಿಲ್ಲ."

"ನಿಮ್ಮ ನಾಲಿಗೆಯನ್ನು ಹಾಕ್ಬೇಕು ಬಾವಿಗೆ!" ಪ್ರಭಾವತಿ ಹಾರಿಬಿದ್ದಳು. "ಪೊಲೀಸಿನ ವಿಷಯ ನಿಮಗೆ ಹೇಳಿದ್ದು ಯಾರು?"

"ಕಾಂತಿ. ಅವಳಿಗೆ ಹೇಳಿದ್ದು ನೀವೇ ಅಲ್ವಾ ಅಕ್ಕ?"

ಪ್ರಭಾವತಿ ಬಾಗಿಲ ಮರೆಗೆ ಸರಿದಳು. ಜಯವರ್ಮ ಸೇತುವೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿಯೇ ಕುಳಿತ. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ. "ಎಂಜಿನ್ನೂ ಉಂಟಾ, ಅಂತೆ!" ಎನ್ನುವಷ್ಟರಲ್ಲಿ ಉಸಿರೇ ಸಿಗಲಿಲ್ಲ. ಶೀನಪ್ಪ ನಕ್ಕ, ಪ್ರಭಾವತಿಯೂ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಆದರೆ ಮಡಿಲಿನ ಸೇತುವೆ ಗಡಗಡ ಎನ್ನುವ ಹಾಗೆ, ರಸ್ತೆಯವರೆಗೂ ಕೇಳುವ ಹಾಗೆ ನಕ್ಕವನು ಜಯವರ್ಮನೊಬ್ಬನೇ.